ಬೆನ್ನು ತೋರಿಸದ ಪೊಲೀಸರು

"ಇನ್ನೂ ದೊಡ್ಡದು ಮಾಡಿ," ಎಂದಳು ಆಡಿಟರಮ್ಮ.

"ಇದಕ್ಕಿಂತ ದೊಡ್ಡದು ಮಾಡಿದ್ರೆ ಅವನ ಮೂಗಿನ ಕೂದಲು ಎಣಿಸ್ಬೇಕಾಗುತ್ತೆ ಮೇಡಂ."

"ಎಣಿಸೋಣ. ನನಗೇನೂ ಅವಸರ ಇಲ್ಲ."

ಅವಸರ ಇಲ್ಲ ಎಂದದ್ದು ಅಪ್ಪಟ ಸುಳ್ಳು. ನಾಳೆ ಬೆಳಿಗ್ಗೆ ಅವಳ ಒಡಹುಟ್ಟಿದ ತಮ್ಮನ ಇಲಾಖಾ ವಿಚಾರಣೆ ಇತ್ತು. ಅಷ್ಟರೊಳಗೆ ಏನಾದರೂ ಸಿಕ್ಕಿದರೆ ಸಿಕ್ಕಿತು, ಇಲ್ಲದಿದ್ದರೆ ಅವನ ಕೆಲಸ ಹೋದಂತೆಯೇ.

ಪತ್ರಿಕೆಯ ಫೋಟೋಗ್ರಾಫರ್ ನಿಟ್ಟುಸಿರು ಬಿಟ್ಟು ಮೌಸ್ ಉರುಳಿಸಿದ. ಅವನ ಮೇಜಿನ ಮೇಲೆ ತೊಳೆಯದ ಕಾಫಿ ಲೋಟಗಳು, ಒಂದು ಮುರಿದ ಲೆನ್ಸು, ಅರ್ಧ ಕಚ್ಚಿಟ್ಟ ಸೇಬು. ಗೋಡೆ ಮಾತ್ರ ಚೊಕ್ಕಟವಾಗಿತ್ತು. ಅಲ್ಲಿ ಒಂದೇ ಒಂದು ಚಿತ್ರ, ಕಟ್ಟು ಹಾಕಿಸಿ ತೂಗುಹಾಕಿದ್ದ. ಈಗ ಕಂಪ್ಯೂಟರಿನ ಪರದೆಯ ಮೇಲಿದ್ದದ್ದೂ ಅದೇ ಚಿತ್ರ.

ಅದನ್ನು ನೋಡದವರು ಊರಿನಲ್ಲಿ ಯಾರೂ ಇರಲಿಲ್ಲ. ಹೊರದೇಶದಿಂದ ಧರ್ಮಗುರುಗಳು ಸರ್ಕಾರದ ಅತಿಥಿಯಾಗಿ ಬಂದಾಗ, ಅವರ ತೆರೆದ ಕಾರಿನ ಮುಂದೆ ಹೋಗುತ್ತಿದ್ದ ಲಾರಿಯ ಮೇಲೆ ನಿಂತು ತೆಗೆದ ಚಿತ್ರ ಅದು. ಸೇತುವೆ ರಸ್ತೆ. ಬ್ಯಾರಿಕೇಡುಗಳ ಹಿಂದೆ ಕಿಕ್ಕಿರಿದ ಜನ, ಬ್ಯಾರಿಕೇಡುಗಳ ಮುಂದೆ ಸಾಲಾಗಿ ಪೊಲೀಸರು. ಆ ಪೊಲೀಸರ ಕಣ್ಣಲ್ಲಿ ನೀರು. ಒಬ್ಬಿಬ್ಬರ ಕೈ ಎದೆಯ ಮೇಲೆ. 'ಸಮವಸ್ತ್ರದ ಕಣ್ಣಲ್ಲೂ ನೀರು' ಎಂದು ಮುಖಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು. ನೋಡಿದ ಎಷ್ಟೋ ಜನ ತಾವೂ ಮೂಗು ಒರೆಸಿಕೊಂಡಿದ್ದರು.

ಆ ಚಿತ್ರ ತೆಗೆದ ಮರುಗಳಿಗೆಯಲ್ಲೇ ಅಲ್ಲಿಯ ಬ್ಯಾರಿಕೇಡ್ ಮಗುಚಿ ಜನ ಒಬ್ಬರ ಮೇಲೊಬ್ಬರು ಬಿದ್ದರು. ದರ್ಜಿ ಕೆಲಸದ ಹೆಂಗಸೊಬ್ಬಳ ಬಲಗೈ ಜಜ್ಜಿಹೋಯಿತು. ಯಾರದಾದರೂ ತಲೆದಂಡ ಆಗಲೇಬೇಕಿತ್ತು. ಸೇತುವೆ ರಸ್ತೆಯ ಉಸ್ತುವಾರಿಯಲ್ಲಿದ್ದ ಇನ್ಸ್‌ಪೆಕ್ಟರ್ ತನ್ನ ಸಿಬ್ಬಂದಿಯನ್ನು ಹತೋಟಿಯಲ್ಲಿಡಲಿಲ್ಲ ಎಂದು ಅಮಾನತಾದ. ಆಡಿಟರಮ್ಮನ ತಮ್ಮ ಅವನೇ.

ಆಡಿಟರಮ್ಮನಿಗೂ ಆ ಅವಘಡಕ್ಕೂ ಕಚೇರಿಯ ಪ್ರಕಾರ ಯಾವ ಸಂಬಂಧವೂ ಇರಲಿಲ್ಲ. ಸರ್ಕಾರ ಮಾಡಿದ ಖರ್ಚು ಸರಿಯೋ ತಪ್ಪೋ ಎಂದು ನೋಡುವ ಇಲಾಖೆ ಅವಳದು. ಅವಳು ಬಿಲ್ಲುಗಳನ್ನು ಚುಚ್ಚಿ ಚುಚ್ಚಿ ನೋಡುವ ರೀತಿಗೆ ಸಹೋದ್ಯೋಗಿಗಳು ಅವಳಿಲ್ಲದಾಗ 'ಸೂಜಿ' ಎನ್ನುತ್ತಿದ್ದರು. ಅವಳಿಗೆ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಗುರುಗಳ ಭೇಟಿಯ ಪೂರ್ತಿ ಖರ್ಚನ್ನು ಬೊಕ್ಕಸವೇ ಹೊತ್ತಿತ್ತು. ಊರಿನ ಅರ್ಧ ಜನ, ಒಂದು ಪಂಥದ ಗುರುವಿಗೆ ಎಲ್ಲರ ತೆರಿಗೆ ದುಡ್ಡು ಯಾಕೆ ಎಂದು ಬೊಬ್ಬೆ ಹೊಡೆಯುತ್ತಿದ್ದರು. ಉಳಿದ ಅರ್ಧ ಜನ, ಮನೆಗೆ ಬಂದ ಅತಿಥಿ ಎಷ್ಟು ತುತ್ತು ತಿಂದ ಅಂತ ಲೆಕ್ಕ ಹಾಕುತ್ತೀರಾ ಎಂದು ಮೈಮೇಲೆ ಬೀಳುತ್ತಿದ್ದರು. ಸೂಜಿಗೆ ಎರಡೂ ಕಡೆಯ ಗಲಾಟೆ ಬೇಡ. ಕೊಟ್ಟ ಹಣಕ್ಕೆ ಕೆಲಸ ನಡೆಯಿತೋ ಇಲ್ಲವೋ, ಅಷ್ಟು ಗೊತ್ತಾದರೆ ಸಾಕು.

ಆ ಖರ್ಚಿನಲ್ಲಿ ಸಿಂಹಪಾಲು ಬಂದೋಬಸ್ತಿನದು. ಊರಿನ ಪೊಲೀಸರು ಸಾಲದೆ ಹೊರಗಿನಿಂದ ಪಡೆ ಕರೆಸಿದ್ದಾಗಿ ಹೇಳಿ, ಮುಖ್ಯ ಕಚೇರಿಯವರು ಅವರ ಭತ್ಯೆ, ವಸತಿ, ಊಟ, ಬಸ್ಸು ಎಲ್ಲಕ್ಕೂ ಹಣ ಪಡೆದಿದ್ದರು. ಸೇತುವೆ ರಸ್ತೆಯಲ್ಲಿ ನಿಂತಿದ್ದವರು ಆ ಹೊರಗಿನ ಪಡೆಯವರಂತೆ. ಅವರಲ್ಲಿ ಒಬ್ಬನನ್ನಾದರೂ ಮಾತಾಡಿಸಬೇಕು ಎಂದು ಸೂಜಿ ಕೇಳಿದರೆ, ಪೊಲೀಸ್ ಮುಖ್ಯ ಕಚೇರಿಯ ದೊಡ್ಡ ಸಾಹೇಬರು, "ಭದ್ರತೆಯ ವಿಷಯ, ಹೆಸರು ಹೇಳೋ ಹಾಗಿಲ್ಲ," ಎಂದು ನಗುನಗುತ್ತಾ ಬಾಗಿಲು ತೋರಿಸಿದ್ದರು.

ಹೆಸರು ಸಿಗದಿದ್ದರೆ ಬೇಡ, ಮುಖ ಇದೆಯಲ್ಲ ಎಂದುಕೊಂಡು ಅವಳು ಇಲ್ಲಿಗೆ ಬಂದಿದ್ದಳು.

"ಇವನ ತೋಳು ನೋಡಿ," ಎಂದಳು. ಎಲ್ಲರಿಗಿಂತ ಮುಂದೆ ನಿಂತಿದ್ದ ದಪ್ಪ ಪೊಲೀಸಿನವನ ಕೈ ಎದೆಯ ಮೇಲಿತ್ತು. ಮುಂಗೈಯಿಂದ ಮೊಣಕೈವರೆಗೆ ಕಂದು ಬಣ್ಣದ ಅಡ್ಡ ಗೆರೆಗಳು. "ಇವೇನಿದು?"

"ಹಚ್ಚೆ ಇರ್ಬೇಕು."

"ಹಚ್ಚೆ ಹಾಕಿಸಿಕೊಳ್ಳೋನು ಬರೀ ಗೆರೆ ಎಳೆಸಿಕೊಂಡು ಬರ್ತಾನೇನ್ರೀ? ಹೂವೋ ಹಕ್ಕಿಯೋ ಇರಲ್ವಾ?"

"ನನ್ನನ್ನ ಕೇಳಿದ್ರೆ? ನಾನು ಚಿತ್ರ ತೆಗೆದವನು, ಅವನ ಮಾವ ಅಲ್ಲ."

ಸೂಜಿ ನಕ್ಕಳು. "ಆವತ್ತಿನ ಬೇರೆ ಚಿತ್ರಗಳು ಇರ್ಬೇಕಲ್ಲ? ಬೇರೆ ರಸ್ತೆಗಳದ್ದು?"

"ಇವೆ. ಒಂದೂ ಕೆಲಸಕ್ಕೆ ಬಾರದವು." ಅವನು ಒಂದರ ಹಿಂದೊಂದು ತೋರಿಸಿದ. ರೈಲು ನಿಲ್ದಾಣದ ರಸ್ತೆ. ನ್ಯಾಯಾಲಯದ ರಸ್ತೆ. ದೊಡ್ಡ ಚೌಕ. ಅದೇ ಲಾರಿ, ಅದೇ ಎತ್ತರ, ಅದೇ ಬೆಳಕು. "ನೋಡಿ, ನಿಮಗೇ ಗೊತ್ತಾಗುತ್ತೆ. ಟೋಪಿ, ಬೆನ್ನು, ಬೆಲ್ಟು. ಮತ್ತೆ ಟೋಪಿ, ಬೆನ್ನು, ಬೆಲ್ಟು. ಈ ಪೊಲೀಸಿನವರು ಚಿತ್ರ ಕೆಡಿಸೋಕೇ ಹುಟ್ಟಿದ್ದಾರೆ. ಸೇತುವೆ ಹತ್ರ ಮಾತ್ರ ನನ್ನ ಅದೃಷ್ಟ ಖುಲಾಯಿಸ್ತು."

ಅದೃಷ್ಟ ಎಂಬ ಮಾತು ಕಿವಿಗೆ ಬಿದ್ದರೆ ಸೂಜಿಗೆ ಅಂಗೈ ತುರಿಸುತ್ತಿತ್ತು. ಅವಳು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಲು ಹೇಳಿದಳು. ಚೌಕದ ಪೊಲೀಸರದು ಬರೀ ಬೆನ್ನು. ಸೇತುವೆಯ ಪೊಲೀಸರದು ಬರೀ ಮುಖ. ಒಬ್ಬನಾದರೂ ಅತ್ತ ತಿರುಗಿದ್ದಾನೆಯೇ ಎಂದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಒಬ್ಬನೂ ಇರಲಿಲ್ಲ.

"ಎರಡನ್ನೂ ಪ್ರಿಂಟ್ ಹಾಕಿಕೊಡಿ," ಎಂದಳು.

"ಕೆಟ್ಟದ್ದು ಯಾಕೆ ಮೇಡಂ?"

"ಒಳ್ಳೇದು ಎಷ್ಟು ಒಳ್ಳೇದು ಅಂತ ಗೊತ್ತಾಗ್ಬೇಕಲ್ಲ."

*

ತಮ್ಮನ ಮನೆ ಅಲ್ಲಿಂದ ಎರಡು ಬಸ್ಸು ಬದಲಾಯಿಸುವಷ್ಟು ದೂರ. ಅವಳು ಹೋದಾಗ ಅವನು ಊಟದ ಮೇಜಿನ ಮುಂದೆ ಕೂತು ಬೂಟು ಪಾಲಿಶ್ ಮಾಡುತ್ತಿದ್ದ. ಅಮಾನತಾದವನು ಆ ಬೂಟು ಹಾಕುವ ಹಾಗಿಲ್ಲ. ಆದರೂ ದಿನಾ ಉಜ್ಜುತ್ತಿದ್ದ.

ಟಿವಿಯಲ್ಲಿ ಗುರುಗಳ ಮೆರವಣಿಗೆ ಮತ್ತೆ ಬರುತ್ತಿತ್ತು. ತಮ್ಮನ ಹೆಂಡತಿ ಕೆನ್ನೆಗೆ ಕೈ ಕೊಟ್ಟು ನೋಡುತ್ತಿದ್ದಳು. ಅವಳು ಗುರುಗಳ ಪರಮಭಕ್ತೆ. ಅದೇ ಮೆರವಣಿಗೆಯಿಂದ ಗಂಡನ ಅನ್ನಕ್ಕೆ ಕಲ್ಲು ಬಿದ್ದಿದ್ದರೂ ಭಕ್ತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ.

"ಬನ್ನಿ ಅತ್ತಿಗೆ. ನಿಮ್ಮ ತಮ್ಮನಿಗೆ ಸ್ವಲ್ಪ ಬುದ್ಧಿ ಹೇಳಿ. ಅಷ್ಟು ದೊಡ್ಡವರು ಕಣ್ಣೆದುರಿಗೇ ಹೋದ್ರೂ ಇವರು ತಿರುಗಿ ನೋಡಿಲ್ಲವಂತೆ. ಈಗ ಟಿವಿಯಲ್ಲಾದರೂ ನೋಡಿ ಅಂದ್ರೆ ಬೆನ್ನು ಹಾಕಿ ಕೂತಿದ್ದಾರೆ!"

ನಿಜವಾಗಿಯೂ ಅವನು ಟಿವಿಗೆ ಬೆನ್ನು ಹಾಕಿಯೇ ಕೂತಿದ್ದ.

"ಅಭ್ಯಾಸ," ಎಂದ ಅವನು, ಬೂಟಿನಿಂದ ಕಣ್ಣೆತ್ತದೆ. "ಮೆರವಣಿಗೆಯ ಬ್ಯಾಂಡು ಕೇಳಿದ್ರೆ ಬೆನ್ನು ತಾನಾಗೇ ತಿರುಗುತ್ತೆ."

"ಯಾಕೋ?" ಎಂದಳು ಸೂಜಿ, ಬ್ಯಾಗು ಮಡಿಲಲ್ಲಿಟ್ಟು.

"ಯಾಕೆ ಅಂದ್ರೆ? ಗುರುಗಳು ನಮಗೇನು ಮಾಡ್ತಾರೆ ಅಕ್ಕಾ? ಕಲ್ಲು ಎಸೀತಾರಾ? ಬ್ಯಾರಿಕೇಡ್ ಹತ್ತಿ ಹಾರ್ತಾರಾ? ನಾವು ನೋಡ್ಬೇಕಾಗಿರೋದು ಜನರನ್ನ. ಯಾರ ಕೈ ಜೇಬಿಗೆ ಹೋಯ್ತು, ಯಾರು ಮುಂದಿನವನನ್ನ ನೂಕಿದ, ಯಾವ ಮಗು ಕಾಲಡಿ ಸಿಕ್ಕಿಕೊಳ್ತು. ಮೊದಲನೇ ದಿನ ಕಲಿಸೋದೇ ಇದು. ಮುಖ ಜನರ ಕಡೆ, ಬೆನ್ನು ದೊಡ್ಡವರ ಕಡೆ. ತಿರುಗಿ ನೋಡಿದವನಿಗೆ ಇಡೀ ಮೈದಾನ ಓಡಿಸ್ತಾರೆ." ಅವನು ನಕ್ಕ. ಎಷ್ಟೋ ದಿನಗಳ ಮೇಲೆ ಅವನು ನಕ್ಕದ್ದನ್ನು ಅವಳು ನೋಡಿದಳು. "ಎಷ್ಟು ರಾಜರು, ಎಷ್ಟು ಮಂತ್ರಿಗಳು ಬಂದು ಹೋದ್ರು. ಒಬ್ಬರ ಮುಖಾನೂ ನೋಡಿಲ್ಲ. ಕಾರಿನ ಸದ್ದು ಕೇಳಿದ್ರೆ ಯಾರದ್ದು ಅಂತ ಹೇಳ್ತೀನಿ, ಬೇಕಾದ್ರೆ."

ಸೂಜಿ ಮಡಿಲಲ್ಲಿದ್ದ ಬ್ಯಾಗನ್ನು ಒತ್ತಿ ಹಿಡಿದಳು. ಬ್ಯಾಗಿನೊಳಗೆ ಎರಡು ಚಿತ್ರಗಳಿದ್ದವು. ಚೌಕದ್ದು ಪೊಲೀಸರ ಚಿತ್ರ. ಹಾಗಾದರೆ ಸೇತುವೆಯದ್ದು ಯಾರ ಚಿತ್ರ?

"ಸೇತುವೆ ಹತ್ರ ನಿನ್ನ ಕೈಕೆಳಗೆ ನಿಂತಿದ್ರಲ್ಲ, ಹೊರಗಿನಿಂದ ಬಂದವರು. ಅವರು ಯಾವ ಕಡೆ ಮುಖ ಮಾಡಿದ್ರು?"

ಅವನ ಬ್ರಷ್ ನಿಂತಿತು. ಆಮೇಲೆ ಮತ್ತೆ ಓಡಾಡತೊಡಗಿತು.

"ಜನರ ಕಡೆ. ಇನ್ನೆಲ್ಲಿಗೆ ಮಾಡ್ತಾರೆ?"

"ನೀನು ನೋಡಿದ್ಯಾ?"

"ನಾನು ಆ ತುದೀಲಿದ್ದೆ. ಬಿಡಕ್ಕಾ, ನೀರು ಕುಡೀತೀಯಾ?" ಎಂದು ಉತ್ತರಕ್ಕೂ ಕಾಯದೆ ಎದ್ದು ಒಳಗೆ ಹೋದ. ಒಳಗೆ ನಲ್ಲಿ ತುಂಬ ಹೊತ್ತು ಸುರಿಯಿತು. ಅವನು ಬರಲಿಲ್ಲ.

ಪಾಪ, ಆ ತುದಿಯಲ್ಲಿದ್ದವನಿಗೆ ಈ ತುದಿ ಹೇಗೆ ಕಾಣಬೇಕು ಎಂದುಕೊಂಡಳು ಅಕ್ಕ. ಬೇರೆ ಯಾರಾದರೂ ಹೀಗೆ ಮಾತಿನ ಮಧ್ಯೆ ಎದ್ದು ಹೋಗಿದ್ದರೆ ಸೂಜಿ ಬಿಡುತ್ತಿದ್ದಳೇ? ಆದರೆ ತಮ್ಮನೆದುರು ಅವಳು ಬರೀ ಅಕ್ಕ. ಚಿತ್ರಗಳನ್ನು ತೋರಿಸಲೂ ಇಲ್ಲ. ಸುಮ್ಮನೆ ಆಸೆ ಹುಟ್ಟಿಸಿ, ನಾಳೆ ಏನೂ ಆಗದಿದ್ದರೆ ಅವನ ಎದೆ ಒಡೆಯುತ್ತದೆ ಎಂದು ಅವಳ ಭಯ.

"ಅತ್ತಿಗೆ, ನಾಳೆ ಏನಾಗುತ್ತೆ?" ಎಂದು ತಮ್ಮನ ಹೆಂಡತಿ ಟಿವಿಯ ಸದ್ದು ಕಡಿಮೆ ಮಾಡಿ ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

"ನೋಡೋಣಮ್ಮ. ನಾನಿನ್ನೂ ಸತ್ತಿಲ್ಲವಲ್ಲ," ಎಂದು ಸೂಜಿ ಚಪ್ಪಲಿ ಮೆಟ್ಟಿದಳು.

*

ಬಸ್ಸಿನ ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಅವಳು ಚಿತ್ರವನ್ನು ತೊಡೆಯ ಮೇಲೆ ಹರಡಿಕೊಂಡಳು.

ಪೊಲೀಸರಲ್ಲ. ಸರಿ. ಹಾಗಾದರೆ ಬಾಡಿಗೆಯವರೇ? ದುಡ್ಡು ಕೊಟ್ಟು ಯಾರನ್ನೋ ಕರೆತಂದು ನಿಲ್ಲಿಸಿದ್ದರೆ ಹೇಗೆ ನಿಲ್ಲುತ್ತಿದ್ದರು? ಒಬ್ಬ ಆಕಳಿಸುತ್ತಿದ್ದ, ಒಬ್ಬ ಪಕ್ಕದವನ ಜೊತೆ ಹರಟುತ್ತಿದ್ದ, ಒಬ್ಬ ಮೊಬೈಲು ನೋಡುತ್ತಿದ್ದ. ಇವರು ಹಾಗಿಲ್ಲ. ಸಾಲಿಗೆ ಸಾಲೇ ಒಂದೇ ಕಡೆ ನೋಡುತ್ತಿದೆ. ಕಣ್ಣೀರು ಕೂಲಿಗೆ ಬರುವಂಥದ್ದಲ್ಲ.

ಇವರು ಆ ಗುರುಗಳ ಭಕ್ತರು. ಅಷ್ಟು ಸರಳ. ಜೀವಮಾನವೆಲ್ಲ ಕಾದ ಗುರುಗಳು ಎದುರಿಗೆ ಬಂದಾಗ ಬೆನ್ನು ಹಾಕಿ ನಿಲ್ಲು ಎಂದರೆ ಯಾವ ಭಕ್ತ ನಿಂತಾನು? ಪೊಲೀಸರ ಉಡುಪು ತೊಡಿಸಬಹುದು, ಲಾಠಿ ಕೊಡಬಹುದು, ಟೋಪಿ ಇಡಬಹುದು. ಕುತ್ತಿಗೆಯನ್ನು ಮಾತ್ರ ತಿರುಗಿಸಲಾಗುವುದಿಲ್ಲ.

ಸೂಜಿಗೆ ನಗು ಬಂತು. ಪಕ್ಕದಲ್ಲಿ ಕೂತಿದ್ದವರು ಒಂದು ಸಲ ಅವಳನ್ನು ನೋಡಿ ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

ಇನ್ನು ತೋಳಿನ ಗೆರೆಗಳು. ಓದುವ ದಿನಗಳಲ್ಲಿ ಅವಳು ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದಳು. ಒಲೆಯೊಳಗಿಂದ ತಟ್ಟೆ ಎಳೆಯುವವರ ತೋಳಿಗೆ ಮೇಲಿನ ತಟ್ಟೆಯ ಕಾದ ಅಂಚು ತಗುಲಿ ಹೀಗೇ ಅಡ್ಡ ಬರೆ ಬೀಳುತ್ತದೆ. ಒಂದು ಮಾಯುವುದರೊಳಗೆ ಇನ್ನೊಂದು. ಅದು ಈಗ ನೆನಪಾಯಿತು.

ಆದರೆ ಊರಿನಲ್ಲಿ ಬೇಕರಿಗಳು ಒಂದೇ ಎರಡೇ? ಯಾವುದಕ್ಕೆ ಹೋಗುವುದು?

ಇಲ್ಲಿ ಅವಳ ಕಚೇರಿಯ ಬುದ್ಧಿ ಕೈ ಹಿಡಿಯಿತು. ಗುರುಗಳ ಭೇಟಿಯ ದಿನ ಊರಿನಲ್ಲಿ ಹುಲ್ಲುಕಡ್ಡಿ ಎತ್ತಿಟ್ಟವರೂ ಸರ್ಕಾರಕ್ಕೆ ಬಿಲ್ಲು ಕಳಿಸಿದ್ದರು. ಹೂವಿನವರು, ಶಾಮಿಯಾನದವರು, ನೀರಿನ ಬಾಟಲಿಯವರು, ಮೈಕಿನವರು. ನೆರಳು ಕೊಟ್ಟದ್ದಕ್ಕೆ ಮರಗಳು ಬಿಲ್ಲು ಕಳಿಸಿರಲಿಲ್ಲ, ಅಷ್ಟೇ. ಆದರೆ ಬಂದ ಜನಕ್ಕೆಲ್ಲ ಬೆಳಗಿನಿಂದ ಸಂಜೆಯವರೆಗೆ ಬನ್ನು ಹಂಚಿದವರು ಯಾರು? ಬನ್ನು ತಿಂದವರು ಸಾವಿರಾರು ಜನ, ಬಿಲ್ಲು ಮಾತ್ರ ಬಂದಿರಲಿಲ್ಲ. ಆಗ ಅದು ಅವಳಿಗೆ ಬಹಳ ವಿಚಿತ್ರವಾಗಿ ಕಂಡು, ಯಾರು ಎಂದು ವಿಚಾರಿಸಿ ಇಟ್ಟುಕೊಂಡಿದ್ದಳು. ಹಳೇ ಗಡಿಯಾರ ಗೋಪುರದ ಹಿಂದಿನ ಬೇಕರಿ. ದುಡ್ಡು ಕೇಳದೆ ಹಂಚಿದವನು ಭಕ್ತನೇ ಇರಬೇಕು.

ಅವಳು ಮುಂದಿನ ನಿಲ್ದಾಣದಲ್ಲೇ ಇಳಿದಳು.

*

ಬೇಕರಿಯ ಒಳಗೆ ಮಧ್ಯಾಹ್ನದ ಬಿಡುವು. ಗಾಜಿನ ಕಪಾಟಿನಲ್ಲಿ ಬೆಳಗಿನ ಬ್ರೆಡ್ಡು ನಾಲ್ಕಾರು ಉಳಿದಿತ್ತು. ಹಿಂದೆ ಒಲೆ ಆರಿದ್ದರೂ ಬಿಸಿ ಇನ್ನೂ ಮುಖಕ್ಕೆ ಹೊಡೆಯುತ್ತಿತ್ತು. ಉದ್ದನೆಯ ಮೇಜಿನ ಮೇಲೆ ಒಬ್ಬ ದಪ್ಪ ಮನುಷ್ಯ ಸಂಜೆಗೆ ಹಿಟ್ಟು ನಾದುತ್ತಿದ್ದ. ಗೋಡೆಯಲ್ಲಿ ಗುರುಗಳ ಪಟ. ಆ ಮನುಷ್ಯ ಹಿಟ್ಟು ನಾದುವಾಗಲೂ ಆ ಪಟಕ್ಕೆ ಬೆನ್ನಾಗದ ಹಾಗೆ ಓರೆಯಾಗಿ ನಿಂತಿದ್ದ.

ಸೂಜಿ ಬ್ಯಾಗು ತೆರೆದಳು. ಚಿತ್ರವನ್ನು ಮೇಜಿನ ಮೇಲೆ, ಹಿಟ್ಟಿಲ್ಲದ ಜಾಗದಲ್ಲಿ, ಹರಡಿದಳು.

ಬೇಕರಿಯವನು ಕೈ ಒರೆಸಿಕೊಂಡು ಬಗ್ಗಿ ನೋಡಿದ. ಮುಖ ಅರಳಿತು.

"ಚೆನ್ನಾಗಿ ಬಂದಿದೆ ಅಲ್ವಾ?" ಎಂದ. ಹೇಳಿಬಿಟ್ಟ ಮೇಲೆ ಅವನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಯಿತು.

"ತುಂಬಾ ಚೆನ್ನಾಗಿ ಬಂದಿದೆ. ಯಾವಾಗ ಪೊಲೀಸ್ ಕೆಲಸಕ್ಕೆ ಸೇರಿದ್ರಿ?"

"ಇದು ನಾನಲ್ಲ."

"ತೋಳು ನಿಮ್ಮದೇ."

ಅವನು ತೋಳುಗಳನ್ನು ಹಿಂದಕ್ಕೆ ಮುಚ್ಚಿಟ್ಟುಕೊಂಡ. ಅಷ್ಟು ದೊಡ್ಡ ಮನುಷ್ಯ ಹಾಗೆ ಕೈ ಅಡಗಿಸಿಕೊಂಡದ್ದನ್ನು ನೋಡಿ ಸೂಜಿಗೆ ಕನಿಕರವಾಯಿತು.

"ನೀವು ಯಾರು?"

ಅವಳು ಕಚೇರಿಯ ಗುರುತಿನ ಚೀಟಿ ತೋರಿಸಿದಳು.

"ನಾನೇನೂ ಹೇಳಲ್ಲಮ್ಮ. ಮಾತು ಕೊಟ್ಟಿದ್ದೀನಿ."

"ಸರಿ. ಮಾತು ಉಳಿಸಿಕೊಳ್ಳಿ. ಆದ್ರೆ ಆಸ್ಪತ್ರೇಲಿ ಒಬ್ಬ ದರ್ಜಿ ಹೆಂಗಸು ಇದ್ದಾಳೆ, ಗೊತ್ತಾ? ಬಲಗೈ."

"ದಿನಾ ಬೆಳಿಗ್ಗೆ ಬ್ರೆಡ್ಡು ತಗೊಂಡು ಹೋಗ್ತೀನಿ," ಎಂದ ಅವನು ಮೆಲ್ಲಗೆ. "ಯಾರು ಅಂತ ಅವಳಿಗೆ ಹೇಳಿಲ್ಲ. ಯಾರೋ ಪುಣ್ಯಾತ್ಮ ಅಂದ್ಕೊಂಡಿದ್ದಾಳೆ. ಅವಳು 'ಒಳ್ಳೇದಾಗ್ಲಿ ಅಣ್ಣಾ' ಅಂದಾಗ ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ."

"ಅವಳ ಕೈ ಹೋದ ತಪ್ಪಿಗೆ ನಾಳೆ ಇನ್ನೊಬ್ಬರ ಕೆಲಸ ಹೋಗ್ತಾ ಇದೆ. ಸೇತುವೆ ರಸ್ತೆಯ ಇನ್ಸ್‌ಪೆಕ್ಟರ್ ಇದ್ರಲ್ಲ. ನಾಳೆ ವಿಚಾರಣೆ. ವಜಾ ಮಾಡ್ತಾರೆ."

ಬೇಕರಿಯವನ ಮುಖದ ಬಣ್ಣವೇ ಇಳಿದುಹೋಯಿತು. "ವಜಾನಾ? ಅವರಿಗೇನೂ ಆಗಲ್ಲ ಅಂದ್ರಲ್ಲ! ಸ್ವಲ್ಪ ದಿನ ಮನೇಲಿ ಕೂರಿಸಿ ಮತ್ತೆ ತಗೋತಾರೆ ಅಂತ ಹೇಳಿದ್ರು."

"ಸುಳ್ಳು ಹೇಳಿದ್ದಾರೆ."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ತಲೆ ಮೇಲಿನ ಬಿಳಿ ಟೋಪಿ ತೆಗೆದು ಕಣ್ಣು ಒರೆಸಿಕೊಂಡ. ಕಣ್ಣಿಗೂ ಹಿಟ್ಟು ಮೆತ್ತಿತು. ಆಮೇಲೆ ಮಾತು ಕಟ್ಟೆಯೊಡೆದಂತೆ ಬಂತು.

"ಪೊಲೀಸರು ಸಾಲ್ತಾ ಇಲ್ಲ, ಗುರುಗಳ ಜೀವಕ್ಕೆ ಅಪಾಯ ಇದೆ, ನೀವು ಭಕ್ತರು ಒಂದು ದಿನ ಸೇವೆ ಮಾಡ್ತೀರಾ ಅಂತ ಮುಖ್ಯ ಕಚೇರಿಯವರು ಕೇಳಿದ್ರು. ಮಾಡಲ್ಲ ಅಂತ ಯಾರಾದ್ರೂ ಹೇಳ್ತಾರಾ? ಗುರುಗಳಿಗೋಸ್ಕರ ಪ್ರಾಣ ಕೊಡು ಅಂದ್ರೂ ಕೊಡ್ತಿದ್ವಿ. ಯೂನಿಫಾರ್ಮು ಅವರೇ ಕೊಟ್ರು. ಸಂಜೆ ವಾಪಸ್ ತಗೊಂಡ್ರು. ನಾನು, ಗಡಿಯಾರ ರಿಪೇರಿಯವನು, ಶಾಲೆಯ ಡ್ರಿಲ್ ಮೇಷ್ಟ್ರು, ಇನ್ನೂ ಎಷ್ಟೋ ಜನ. ಎಲ್ಲ ನಮ್ಮವರೇ."

"ಇದಕ್ಕೆ ನಿಮಗೇನು ಕೊಟ್ರು?"

"ಏನು ಕೊಡೋದು?" ಅವನಿಗೆ ಆ ಪ್ರಶ್ನೆಯೇ ಅವಮಾನವಾದಂತಿತ್ತು. "ಸೇವೆಗೆ ಕೂಲಿ ತಗೋತಾರಾ? ಒಂದು ಬಿಡಿಗಾಸೂ ಮುಟ್ಟಿಲ್ಲ. ಊಟಾನೂ ನಮ್ಮ ನಮ್ಮ ಮನೆಯಿಂದಾನೇ ತಗೊಂಡು ಹೋಗಿದ್ವಿ."

ಸೂಜಿಯ ಕಣ್ಣು ಹೊಳೆಯಿತು. ಬಾರದ ಪೊಲೀಸರ ಭತ್ಯೆ. ಯಾರೂ ಮಲಗದ ವಸತಿ. ಯಾರೂ ಉಣ್ಣದ ಊಟ. ಯಾರೂ ಹತ್ತದ ಬಸ್ಸು. ಊರಿನ ಅರ್ಧ ಜನ ಗುರುಗಳಿಗೆ ಖರ್ಚಾಯಿತೆಂದು ಬೊಬ್ಬೆ ಹೊಡೆಯುತ್ತಿದ್ದ ಹಣ ಗುರುಗಳ ಹತ್ತಿರಕ್ಕೂ ಸುಳಿದಿರಲಿಲ್ಲ. ಎಲ್ಲೋ ಯಾರದೋ ಜೇಬಿಗೆ ನೇರವಾಗಿ ಹೋಗಿತ್ತು.

"ಬ್ಯಾರಿಕೇಡ್ ಹೇಗೆ ಬಿತ್ತು?"

"ನಾವೇ ಬೀಳಿಸಿದ್ದು." ಅವನು ತಲೆ ತಗ್ಗಿಸಿದ. "ಕಾರು ನಮ್ಮೆದುರಿಗೆ ಬಂದು ನಿಧಾನ ಆಯ್ತು. ಗುರುಗಳು ನನ್ನ ಕಡೆ ನೋಡಿದ್ರು ಮೇಡಂ, ನನ್ನ ಕಡೇನೇ. ಕಾಲು ನನ್ನ ಮಾತು ಕೇಳಲಿಲ್ಲ. ಎಲ್ಲರೂ ಕಾರಿನ ಹತ್ರ ಓಡಿದ್ವಿ. ಹಿಂದೆ ಬ್ಯಾರಿಕೇಡ್ ಹಿಡ್ಕೊಳ್ಳೋರು ಒಬ್ಬರೂ ಇರಲಿಲ್ಲ. ಜನ ನೂಕಿದ್ರು. ಸದ್ದು ಕೇಳಿದ ಮೇಲೇ ನಾನು ಹಿಂದೆ ತಿರುಗಿದ್ದು."

ಅವನು ಅಳುತ್ತಿದ್ದ. ಸೂಜಿ ತನ್ನ ಕರವಸ್ತ್ರವನ್ನು ಅವನ ಕೈಗೆ ಕೊಟ್ಟಳು. ಆದರೆ ಸಂತೋಷದಿಂದ ಎದೆ ಹಗುರಾಗಿತ್ತು ಎನ್ನುವುದನ್ನೂ ಹೇಳಲೇಬೇಕು. ತಮ್ಮ ಬದುಕಿದ. ಅವನ ಕೈಗೆ ಪೊಲೀಸರೆಂದು ಬೇಕರಿಯವರನ್ನೂ ಗಡಿಯಾರದವರನ್ನೂ ಕೊಟ್ಟು ಮೋಸ ಮಾಡಿದ್ದಾರೆ. ಇದರಲ್ಲಿ ಅವನ ತಪ್ಪೇನು?

"ಇದನ್ನೆಲ್ಲ ನಾಳೆ ವಿಚಾರಣೆಯಲ್ಲಿ ಹೇಳ್ತೀರಾ?"

"ಹೇಳ್ತೀನಿ," ಎಂದ ಅವನು ಮೂಗು ಒರೆಸಿಕೊಂಡು. "ಮಾತು ಕೊಟ್ಟದ್ದು ಮುರಿದ್ರೆ ಮುರೀಲಿ. ಇನ್ಸ್‌ಪೆಕ್ಟರ್ ಸಾಹೇಬ್ರ ಅನ್ನ ಕಿತ್ತುಕೊಂಡು ನಾನು ಬ್ರೆಡ್ಡು ಮಾರ್ಲಾ? ಬರ್ತೀನಿ. ಉಳಿದವರನ್ನೂ ಕರ್ಕೊಂಡು ಬರ್ತೀನಿ."

ಅಲ್ಲಿಗೆ ಎದ್ದು ಬಂದಿದ್ದರೆ ಆಗುತ್ತಿತ್ತು. ಬಂದ ಕೆಲಸ ಆಗಿತ್ತು. ಆದರೆ ಸೂಜಿ ಎಂದು ಸುಮ್ಮನೆ ಹೆಸರು ಬಂದಿರಲಿಲ್ಲ. ಇನ್ನೂ ಒಂದು ಕುತೂಹಲ ಅವಳನ್ನು ಕೆರೆಯುತ್ತಿತ್ತು.

"ಒಂದು ಮಾತು. ಯೂನಿಫಾರ್ಮ್ ಕೊಟ್ಟವರು ಹೇಗೆ ನಿಲ್ಲಬೇಕು ಅಂತ ಹೇಳಿಕೊಡಲಿಲ್ವಾ? ಸುಮ್ಮನೆ ಕರ್ಕೊಂಡು ಹೋಗಿ ನಿಲ್ಲಿಸಿಬಿಟ್ರಾ?"

"ಅಯ್ಯೋ, ಹೇಳಿಕೊಟ್ರು ಮೇಡಂ! ಎಷ್ಟು ಚೆನ್ನಾಗಿ ಹೇಳಿಕೊಟ್ರು ಅಂತೀರಾ!" ಅಳುವಿನ ನಡುವೆಯೇ ಅವನ ಮುಖದಲ್ಲಿ ಅಭಿಮಾನ ಮೂಡಿತು. "ಈ ಹಿಂದಿನ ಅಂಗಳದಲ್ಲೇ ನಮ್ಮನ್ನ ಸಾಲಾಗಿ ನಿಲ್ಲಿಸಿ ಕಲಿಸಿದ್ರು. 'ಮುಖ ಜನರ ಕಡೆ, ಬೆನ್ನು ದೊಡ್ಡವರ ಕಡೆ' ಅಂತ. ಹಿಟ್ಟಿನ ಚೀಲಗಳನ್ನ ಜೋಡಿಸಿ ಇವರೇ ಜನ ಅಂದ್ಕೊಳ್ಳಿ ಅಂದ್ರು. ನಾವು ಕಣ್ಣು ಆಚೆ ತಿರುಗಿಸಿದ್ರೆ ಗದರೋರು. ನನಗಂತೂ, 'ನಿಮ್ಮ ಕಾಲು ಹಿಡೀತೀನಿ ಯಜಮಾನ್ರೇ, ಆವತ್ತು ಒಂದು ದಿನ ಮಾತ್ರ ಹಿಂದೆ ತಿರುಗಬೇಡಿ' ಅಂದ್ರು. ದೇವರಂಥ ಮನುಷ್ಯ."

"ಯಾರು?" ಎಂದಳು ಸೂಜಿ. ಆ ಮಾತನ್ನು ಅವಳು ಇವತ್ತೇ ಇನ್ನೊಬ್ಬರ ಬಾಯಲ್ಲಿ ಕೇಳಿದ್ದಳು.

"ಅವರೇ ಮೇಡಂ, ಇನ್ಸ್‌ಪೆಕ್ಟರ್ ಸಾಹೇಬ್ರು. ಸೇತುವೆ ರಸ್ತೆಯವರು. ಅದನ್ನೂ ನಾಳೆ ಹೇಳ್ತೀನಿ. ಅವರು ಒಂದಿನಿತೂ ಕಡಿಮೆ ಮಾಡದೆ ಕಲಿಸಿದ್ರು, ಹಾಳು ಮಾಡಿದ್ದು ನಾವು ಅಂತ. ಒಂದಕ್ಷರ ಬಿಡದೆ ಹೇಳ್ತೀನಿ. ಆಗ ಅವರ ಕೆಲಸ ಉಳಿಯುತ್ತೆ ಅಲ್ವಾ?"

ಸೂಜಿ ಮೇಜಿನ ಅಂಚು ಹಿಡಿದುಕೊಂಡಳು. ಅಂಗೈಗೆ ಹಸಿ ಹಿಟ್ಟು ಅಂಟಿತು.

ತಮ್ಮನಿಗೆ ಗೊತ್ತಿತ್ತು. ಮೊದಲಿನಿಂದಲೂ ಎಲ್ಲ ಗೊತ್ತಿತ್ತು. ಸಿಬ್ಬಂದಿಯನ್ನು ಹತೋಟಿಯಲ್ಲಿಡಲಿಲ್ಲ ಎಂದಾದರೆ ಕೆಲಸ ಹೋಗುತ್ತಿತ್ತು. ಪೊಲೀಸರಲ್ಲದವರಿಗೆ ಪೊಲೀಸರ ಉಡುಪು ತೊಡಿಸಿ, ಸರ್ಕಾರದ ಹಣ ನುಂಗಿದವರಿಗೆ ಕೈಜೋಡಿಸಿದ ಎಂದಾದರೆ ಜೈಲು. ಈ ಮುಗ್ಧ ಮನುಷ್ಯ ನಾಳೆ ಅವನನ್ನು ಉಳಿಸಲೆಂದು ಬಂದು, ಹೊಗಳಿ ಹೊಗಳಿ, ಅವನ ಕೈಗೆ ಕೋಳ ತೊಡಿಸಿ ಹೋಗುತ್ತಾನೆ.

ಅವಳಿಗೆ ತಮ್ಮನ ಮೇಲೆ ಸಿಟ್ಟು ಬಂತು. ನಾಲ್ಕು ಬಾರಿಸಬೇಕೆನ್ನುವಷ್ಟು ಸಿಟ್ಟು. ಅದರ ಹಿಂದೆಯೇ, ಹಾಕಿಕೊಳ್ಳಲಾಗದ ಬೂಟನ್ನು ಉಜ್ಜುತ್ತಾ ಕೂತವನ ಬಾಗಿದ ಕುತ್ತಿಗೆ ಕಣ್ಣಿಗೆ ಕಟ್ಟಿತು. ಅವನು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ಅವಳೇ.

"ಮೇಡಂ? ಅವರ ಕೆಲಸ ಉಳಿಯುತ್ತೆ ಅಲ್ವಾ?"

ಇಷ್ಟು ವರ್ಷಗಳ ನೌಕರಿಯಲ್ಲಿ ಅವಳು ಯಾರಿಗೂ ಹೇಳದ ಮಾತೊಂದು ಬಾಯಿಂದ ಹೊರಬಿತ್ತು.

"ನಾಳೆ ಬರಬೇಡಿ," ಎಂದಳು. "ಸದ್ಯಕ್ಕೆ ಈ ವಿಷಯ ಯಾರ ಹತ್ರಾನೂ ಬಾಯಿ ಬಿಡಬೇಡಿ. ನಾನು ಹೇಳೋವರೆಗೂ."

ಬೇಕರಿಯವನು ಅವಳನ್ನೇ ನೋಡಿದ. ಮುಖದ ಮೇಲಿದ್ದ ಭರವಸೆ ನಿಧಾನವಾಗಿ ಆರಿತು. ಅವನು ಸ್ಟೂಲಿನಿಂದ ಎದ್ದು, ಮೇಜಿನ ಮೇಲಿದ್ದ ಚಿತ್ರವನ್ನು ಮಡಚಿ, ಅವಳ ಕಡೆಗೆ ತಳ್ಳಿದ.

"ಇವತ್ತು ಬೆಳಿಗ್ಗೆ ಮುಖ್ಯ ಕಚೇರಿಯ ದೊಡ್ಡ ಸಾಹೇಬ್ರು ಬಂದಿದ್ರು," ಎಂದ. "ನೀವು ನಿಂತಿದ್ದೀರಲ್ಲ, ಅಲ್ಲೇ ನಿಂತು ಇದೇ ಮಾತು ಹೇಳಿ ಹೋದ್ರು. ನೀವೂ ಅವರ ಕಡೆಯವರೇನಮ್ಮ?"